ಗುಂಡಿಯ ಕಣ್ಣು

ಮಗಳಿಗೆ ಆರು ವರ್ಷವಿದ್ದಾಗ ಅವಳೊಂದಿಗೆ ಕುಳಿತು 'ಕೊರಲೈನ್' ನೋಡತೊಡಗಿದೆ. ಬೊಂಬೆಗಳನ್ನು ಇಷ್ಟಿಷ್ಟೇ ಕದಲಿಸುತ್ತಾ ಚಿತ್ರೀಕರಿಸಿದ 2009ರ ಅನಿಮೇಷನ್ ಚಿತ್ರ. ಅಮೆರಿಕದಲ್ಲಿ ಅದಕ್ಕೆ ಸಿಕ್ಕಿದ್ದು ಪಿಜಿ, ಅಂದರೆ ಹೆತ್ತವರ ಮಾರ್ಗದರ್ಶನವಿರಲಿ ಎಂಬ ಸೂಚನೆ. ಅಮ್ಮನಂತೆಯೇ ಇರುವ ಇನ್ನೊಬ್ಬ ಅಮ್ಮ ತಿರುಗಿ ನಿಂತಾಗ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಂಡಿಗಳು! ಮಗಳು ಕಿರುಚಲಿಲ್ಲ. ಎರಡೂ ಕೈಯಿಂದ ನನ್ನ ಕೆನ್ನೆ ಹಿಡಿದು ತನ್ನತ್ತ ತಿರುಗಿಸಿಕೊಂಡು ನನ್ನ ಕಣ್ಣುಗಳನ್ನೇ ನೋಡಿದಳು. ತಕ್ಷಣ ನಿಲ್ಲಿಸಿದೆ. ಆಮೇಲೆ ಎರಡು ವಾರ ಗುಂಡಿಯಿರುವ ಅಂಗಿಯನ್ನು ಅವಳು ಮುಟ್ಟಲಿಲ್ಲ.

ಸಾವಿನ ಕತೆಗೆ ಅವಳು ಹೀಗೆ ಹೆದರಿದವಳಲ್ಲ. 1942ರ 'ಬ್ಯಾಂಬಿ'ಯಲ್ಲಿ ತಾಯಿ ಜಿಂಕೆ ಸಾಯುವುದು ತೆರೆಯ ಮೇಲೆ ಕಾಣುವುದಿಲ್ಲ. ಗುಂಡಿನ ಸದ್ದು, ಹಿಮ, ಮರಿಯ ಕೂಗು ಅಷ್ಟೇ. ಅದನ್ನು ನೋಡಿ ಬಿಕ್ಕಿ ಬಿಕ್ಕಿ ಅತ್ತಳು, ನೂರು ಪ್ರಶ್ನೆ ಕೇಳಿದಳು, ಮಲಗಿದಳು. ದುಃಖವನ್ನು ಮಕ್ಕಳು ತಾಳಿಕೊಳ್ಳುತ್ತಾರೆ ಎಂದೇ ನನ್ನ ನಂಬಿಕೆ. ಆದರೆ ನೆಚ್ಚಿಕೊಂಡ ಮುಖವೇ ಬೇರೆಯಾಗಿಬಿಡುವುದು ಬೇರೆ ಬಗೆಯ ಭಯ.

ಈಗ ಪ್ರತಿ ಚಿತ್ರವನ್ನೂ ಮೊದಲು ನಾನೊಬ್ಬಳೇ ನೋಡುತ್ತೇನೆ. ಪಿಜಿ ಎಂಬ ಎರಡಕ್ಷರಕ್ಕೆ ನನ್ನ ಮಗಳ ಪರಿಚಯವಿಲ್ಲ, ನನಗಿದೆ. 'ಕೊರಲೈನ್' ಚೆಲುವಾದ ಚಿತ್ರವೇ, ಅದರ ಹುಡುಗಿ ಧೈರ್ಯವಂತೆ. ಮಗಳಿಗೆ ಹತ್ತು ತುಂಬಿದಾಗ ಮತ್ತೆ ಒಟ್ಟಿಗೆ ನೋಡುತ್ತೇವೆ, ಹಗಲಿನಲ್ಲಿ.