ಗ್ರಾಮೀಣ ಕೋಟಾದ ಆ ಕಾಲಂ

ನಿನ್ನೆ ರಾತ್ರಿ ತಂಗಿ ಜೊತೆ ಕೂತು ಇಂಜಿನಿಯರಿಂಗ್‌ನಂಥ ಕೋರ್ಸ್‌ಗಳ ಪ್ರವೇಶ ಪರೀಕ್ಷೆ ಕೆಸಿಇಟಿ ಅಪ್ಲಿಕೇಶನ್ ತುಂಬ್ತಿದ್ದೆ, ಗ್ರಾಮೀಣ ಮೀಸಲಾತಿ ಕಾಲಂ ಬಂದಾಗ ಅವಳು ಮೌಸ್ ಬಿಟ್ಟು ಸುಮ್ನೆ ಕೂತ್ಬಿಟ್ಲು. "ಅಕ್ಕಾ, ನಾವೇನು ಅಷ್ಟು ಕಷ್ಟದಲ್ಲಿದ್ವಾ, ಮನೇಲಿ ಟಿವಿ ಬೈಕ್ ಎಲ್ಲ ಇತ್ತಲ್ವಾ" ಅಂತ. ಒಂದರಿಂದ ಹತ್ತನೇ ಕ್ಲಾಸ್‌ವರೆಗೂ ಹಳ್ಳೀಲಿ ಓದಿದೋರಿಗೆ 15 ಪರ್ಸೆಂಟ್, ಕನ್ನಡ ಮೀಡಿಯಂನೋರಿಗೆ 5, ಅವಳು ಎರಡಕ್ಕೂ ಬರ್ತಾಳೆ, ಆದ್ರೂ ಯಾರದ್ದೋ ಸೀಟ್ ಕಿತ್ಕೊಂಡಂಗೆ ಅನ್ಸುತ್ತಂತೆ. ಎಂಟನೇ ಕ್ಲಾಸಲ್ಲಿ ವರ್ಷಪೂರ್ತಿ ಗಣಿತಕ್ಕೆ ಮೇಷ್ಟ್ರೇ ಇರ್ಲಿಲ್ಲ, ಪಿಯುಸಿಗೆ ಬಂದ್ಮೇಲೆ ಇಂಗ್ಲಿಷಲ್ಲಿ ಫಿಸಿಕ್ಸ್ ಅರ್ಥ ಆಗ್ದೆ ಎಷ್ಟು ರಾತ್ರಿ ಅತ್ತಿದಾಳೆ, ಅದನ್ನೂ ಕಷ್ಟ ಅಂತ ಲೆಕ್ಕಕ್ಕೆ ಹಿಡೀಬಹುದು ಅಂತ ನಮಗೆ ಯಾರೂ ಹೇಳೇ ಇಲ್ವಲ್ಲ. ಕೈ ಹಿಡಿದು ಹೌದು ಅಂತ ಕ್ಲಿಕ್ ಮಾಡ್ಸಿದೆ. ನಾಳೆ ಶಾಲೆಗೆ ಹೋಗಿ ಸರ್ಟಿಫಿಕೇಟ್ ತಗೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸ್ಬೇಕು, ಎಂಟು ಗಂಟೆ ಬಸ್ಸಿಗೆ ಇಬ್ರೂ ಹೊರಡ್ತೀವಿ.