ಮರ ಬಲಿತಿತ್ತು, ಚಿಪ್ಸ್ ಎಳೆಯದಿತ್ತು

ಮರವನ್ನು ಯಂತ್ರದಲ್ಲಿ ಅರೆದು ಕಾಗದಕ್ಕೆ ಬೇಕಾದ ನಾರು (ಪಲ್ಪ್) ಮಾಡುವ ಮೆಕ್ಯಾನಿಕಲ್ ಪಲ್ಪ್ ಮಿಲ್ಲಿನ ಲ್ಯಾಬಿಗೆ ಸೇರಿದ ಹೊಸತು. ಒಂದು ವಾರ ಟಿಯರ್, ಅಂದರೆ ಹಾಳೆ ಹರಿಯದೆ ತಡೆಯುವ ಬಲ, ಇಳಿಯುತ್ತಲೇ ಹೋಯಿತು. ಪಲ್ಪಿನಿಂದ ನೀರು ಬಸಿಯುವುದನ್ನು ಅಳೆಯುವ ಫ್ರೀನೆಸ್ ಮಾತ್ರ ಎಂದಿನಂತೆ 100ರ ಆಸುಪಾಸಿನಲ್ಲೇ ಇತ್ತು. ಪೇಪರ್ ಮಷೀನಿನವರು ಫೋನ್ ಮಾಡಿ, "ಶೀಟ್ ಹರೀತಾನೇ ಇದೆ, ಏನ್ ಕಳಿಸ್ತಿದ್ದೀರಿ?" ಅಂದರು. ನಾವು ಸೀದಾ ಮರದ ಚಕ್ಕೆ ಅರೆಯುವ ಯಂತ್ರ ರಿಫೈನರ್ ಮೇಲೆ ಅನುಮಾನಪಟ್ಟೆವು. ಲೈನ್ ನಿಲ್ಲಿಸಿ ಅದರ ಅರೆಯುವ ಪ್ಲೇಟ್ ಬದಲಾಯಿಸಿದೆವು. ಟಿಯರ್ ಜಪ್ಪಯ್ಯ ಅನ್ನಲಿಲ್ಲ.

ಹಳೆಯ ಆಪರೇಟರ್ ಒಬ್ಬರು ರಾಶಿಯಿಂದ ಒಂದು ಹಿಡಿ ಚಿಪ್ಸ್, ಅಂದರೆ ಸ್ಪ್ರೂಸ್ ಅನ್ನುವ ಪೈನ್ ಜಾತಿಯ ಮರದ ಚಕ್ಕೆ, ತಂದು ಮೇಜಿನ ಮೇಲೆ ಸುರಿದರು. "ಇದರ ಗೆರೆ ನೋಡಪ್ಪ" ಅಂದರು. ನೋಡಿದರೆ ಉಂಗುರದ ಗೆರೆಗಳು ಅಗಲಗಲವಾಗಿದ್ದವು, ಒಡೆದ ಬಳೆ ಚೂರಿನ ಹಾಗೆ ಬಾಗಿದ್ದವು. ನಮಗೆ ಮಾಮೂಲಿಯಾಗಿ ಬರುತ್ತಿದ್ದ ಚಿಪ್ಸ್‌ನಲ್ಲಿ ಗೆರೆಗಳು ಒತ್ತಾಗಿ, ಹೆಚ್ಚುಕಮ್ಮಿ ನೇರವಾಗಿರುತ್ತಿದ್ದವು.

ಯಾರ್ಡಿನಲ್ಲಿ ಕೇಳಿದರೆ, "ಎಲ್ಲಾ ಬಲಿತ ಮರವೇ ಸಾರ್" ಅಂದರು. ಸುಳ್ಳಲ್ಲ. ಆದರೆ ಆ ವಾರ ಬಂದದ್ದು ಮರದ ತುದಿ ಭಾಗ. ಮರಕ್ಕೆ ಎಷ್ಟೇ ವಯಸ್ಸಾಗಿರಲಿ, ನಡುವಿನ ತಿರುಳಿನ ಸುತ್ತಲಿನ ಮೊದಲ ಹದಿನೈದಿಪ್ಪತ್ತು ಉಂಗುರ ಎಳೆಯ ಕಟ್ಟಿಗೆಯೇ. ತುದಿಯಲ್ಲಿ ಇರುವುದೇ ಅಷ್ಟು ಉಂಗುರ! ಬಲಿತದ್ದು ಬೇಕಿದ್ದರೆ ಬುಡದ ದಿಮ್ಮಿಯ ಹೊರಭಾಗ ನೋಡಬೇಕು. ಸಾಮಿಲ್ಲಿನವರು ಹಲಗೆ ಕೊಯ್ದು ಉಳಿಸುವ ಹೊರಪಟ್ಟಿ ನಮಗೆ ಅದಕ್ಕೇ ಒಳ್ಳೆಯ ಮಾಲು.

ತಿರುಳಿನ ಹತ್ತಿರದ ನಾರು 1ರಿಂದ 2 ಮಿಲಿಮೀಟರ್ ಉದ್ದ, ಗೋಡೆ ತೆಳು. ಹೊರಗಿನ ಬಲಿತ ನಾರು 3 ಮಿಲಿಮೀಟರ್ ದಾಟುತ್ತದೆ, ಗೋಡೆಯೂ ದಪ್ಪ. ಹಾಳೆ ಹರಿಯುವುದನ್ನು ತಡೆಯುವುದು ಈ ಉದ್ದ ನಾರೇ. ರಿಫೈನರ್ ಇದ್ದ ನಾರನ್ನು ಗಿಡ್ಡ ಮಾಡಬಹುದು, ಉದ್ದ ಮಾಡಲಾರದು ಅಲ್ವಾ?

ಹಾಗಾದರೆ ಫ್ರೀನೆಸ್ ಯಾಕೆ ಏನೂ ಹೇಳಲಿಲ್ಲ? ಪಲ್ಪಿನಿಂದ ನೀರು ಎಷ್ಟು ಬೇಗ ಬಸಿಯುತ್ತದೆ ಅನ್ನುವುದಷ್ಟೇ ಅದಕ್ಕೆ ಗೊತ್ತು. ಗಿಡ್ಡ ನಾರು, ಪುಡಿ ಜಾಸ್ತಿ ಇದ್ದರೂ 100 ಬರಬಹುದು, ಉದ್ದ ನಾರನ್ನು ಚೆನ್ನಾಗಿ ಅರೆದರೂ 100 ಬರಬಹುದು. ನಾರನ್ನು ಉದ್ದದ ಪ್ರಕಾರ ಜರಡಿಗಳಲ್ಲಿ ಬೇರೆ ಮಾಡುವ ಬಾವರ್ ಮ್ಯಾಕ್‌ನೆಟ್ ಯಂತ್ರಕ್ಕೆ ಹಾಕಿದಾಗ ಗುಟ್ಟು ರಟ್ಟಾಯಿತು. 28 ಮೆಶ್ ಜರಡಿಯ ಮೇಲೆ ನಿಲ್ಲುವ ಉದ್ದ ನಾರು ಸರ್ರನೆ ಇಳಿದಿತ್ತು. ಈ ಟೆಸ್ಟನ್ನು ಮೊದಲ ದಿನವೇ ಮಾಡಬೇಕಿತ್ತು. ತೊಳೆದು ಒಣಗಿಸುವ ರಗಳೆ ಅಂತ ಮುಂದೂಡಿದವನು ನಾನೇ.

ಹಾಗಂತ ಎಳೆಯ ಕಟ್ಟಿಗೆ ಕೆಟ್ಟದ್ದು ಅಂತ ಸುಮ್ನೆ ದೂರುವುದೂ ಸರಿಯಲ್ಲ. ತೆಳು ಗೋಡೆಯ ನಾರು ಸುಲಭವಾಗಿ ಚಪ್ಪಟೆಯಾಗುತ್ತದೆ, ಹಾಳೆ ನಯವಾಗಿ ಬರುತ್ತದೆ. ದಪ್ಪ ಗೋಡೆಯದು ಸೆಟೆದು ನಿಲ್ಲುತ್ತದೆ. ಹಾಳೆಗೆ ನೀರು ತಾಗಿದರೆ ಮತ್ತೆ ಉಬ್ಬಿ ಮೇಲ್ಮೈ ಒರಟಾಗುತ್ತದೆ. ನಮಗೆ ಪೆಟ್ಟು ಬಿದ್ದದ್ದು ಎರಡೂ ಒಂದೇ ರಾಶಿಗೆ ಬಿದ್ದು, ಗಂಟೆಗೊಂದು ಹದ ಆದದ್ದರಿಂದ.

ಈಗ ತುದಿ ಮಾಲಿಗೆ ಬೇರೆ ರಾಶಿ, ಅಳತೆ ನೋಡಿ ಬೆರೆಸುತ್ತೇವೆ. ಲೋಡ್ ಬಂದಾಗ ನಾನೇ ಹೋಗಿ ಒಂದು ಹಿಡಿ ಚಿಪ್ಸ್ ಎತ್ತಿ ಗೆರೆ ನೋಡುತ್ತೇನೆ. ಅಂದು ಬಿಚ್ಚಿಟ್ಟ ಪ್ಲೇಟ್‌ಗಳು ಇನ್ನೂ ಚೆನ್ನಾಗಿದ್ದವು. ಮುಂದಿನ ಸಲ ಅವನ್ನೇ ಹಾಕಿದೆವು.