ಮರಳುಗಾಡಿಗೂ ಒಂದು ಮಳೆಗಾಲ ಇದೆ

1 ಅಕ್ಟೋಬರ್ 2023, ಭಾನುವಾರ
ಬಸವೇಶ್ವರನಗರ, ಬೆಂಗಳೂರು

ಬೆಳಗ್ಗೆ ತಿಂಡಿ ಮುಗಿಸುವ ಹೊತ್ತಿಗೆ ತಂಗಿ ವಿಡಿಯೊ ಕಾಲ್ ಮಾಡಿದಳು. ಅವಳಿರುವುದು ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್‌ನಲ್ಲಿ. ಅಲ್ಲಿ ಆಗ ಶನಿವಾರ ರಾತ್ರಿ, ಸೆಪ್ಟೆಂಬರ್ 30. ಅರಿಝೋನಾದ ಮಳೆಗಾಲ ಲೆಕ್ಕದ ಪ್ರಕಾರ ಮುಗಿಯುವ ದಿನ. "ಈ ಸಲ ಪೂರ್ತಿ ಕೈ ಕೊಡ್ತು ಕಣೇ ಅಕ್ಕಾ" ಅಂದಳು. ಅವಳ ದನಿಯಲ್ಲಿ ಆ ಬೇಸರ ಕೇಳಿ ನನಗೂ ಸಂಕಟವಾಯಿತು.

ಜೂನ್ 15ರಿಂದ ಈವರೆಗೆ ಅಲ್ಲಿನ ವಿಮಾನ ನಿಲ್ದಾಣದ ಮಾಪಕಕ್ಕೆ ಬಿದ್ದ ಮಳೆ 0.15 ಇಂಚು. ನಾಲ್ಕು ಮಿಲಿಮೀಟರ್ ಕೂಡ ತುಂಬುವುದಿಲ್ಲ. ವಾಡಿಕೆ ಮಳೆ 62 ಮಿ.ಮೀ. ಆಸುಪಾಸು. ಹಿಂದೆ 1924ರಲ್ಲಿ 0.35 ಇಂಚು ಬಿದ್ದದ್ದೇ ಅತಿ ಕಡಿಮೆ ಅನ್ನುತ್ತಿದ್ದರು. ಈ ವರ್ಷ ಅದರ ಅರ್ಧಕ್ಕೂ ಬರಲಿಲ್ಲ.

ಮೊನ್ನೆ ಆಫೀಸಿನಲ್ಲಿ ಈ ವಿಷಯ ತೆಗೆದಾಗ ಒಬ್ಬರು, "ಮರಳುಗಾಡಲ್ವಾ, ಮಳೆ ಬಂದ್ರೆಷ್ಟು ಬಿಟ್ರೆಷ್ಟು" ಅಂದುಬಿಟ್ಟರು. ಆ ಮಾತು ಇನ್ನೂ ಕೊರೆಯುತ್ತಿದೆ. ನನ್ನ ಪ್ರಕಾರ ಅದು ತಿರುಗುಮುರುಗಾದ ಮಾತು. ಅಘನಾಶಿನಿ ತೀರದಲ್ಲಿ ಹತ್ತು ಮಳೆ ತಪ್ಪಿದರೂ ಇನ್ನು ನೂರು ಇರುತ್ತವೆ. ಬೀಳುವುದೇ ಏಳೆಂಟು ಮಳೆ ಇರುವ ಕಡೆ ಒಂದೊಂದು ಮಳೆಯನ್ನೂ ನೆಚ್ಚಿಕೊಂಡು ಎಷ್ಟು ಜೀವಗಳು ಕೂತಿರುತ್ತವೆ!

ಫೀನಿಕ್ಸ್ ಇರುವ ಸೊನೊರಾ ಮರುಭೂಮಿ ಬರೀ ಮರಳು ದಿಬ್ಬಗಳ ಊರಲ್ಲ. ಅಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಚಳಿಗಾಲದಲ್ಲಿ ಪೆಸಿಫಿಕ್ ಕಡೆಯಿಂದ ಬರುವ ಜಿಟಿಜಿಟಿ ಮಳೆ, ಬೇಸಿಗೆಯಲ್ಲಿ ಗುಡುಗು ಸಿಡಿಲಿನ ಮಳೆ. ಎರಡೂ ಇರುವುದರಿಂದಲೇ ಅಲ್ಲಿ ಅಷ್ಟು ಗಿಡಮರ, ಅಷ್ಟು ಎತ್ತರದ ಕಳ್ಳಿ. ಬೇಸಿಗೆ ಮಳೆಗೆ ಬೇಕಾದ ತೇವ ಕ್ಯಾಲಿಫೋರ್ನಿಯಾ ಕೊಲ್ಲಿ ಮತ್ತು ಮೆಕ್ಸಿಕೊ ಕಡೆಯಿಂದ ಬರುತ್ತದೆ. ಅದು ಬರಬೇಕಾದರೆ ಆಕಾಶದಲ್ಲಿ ಕೂತಿರುವ ಅಧಿಕ ಒತ್ತಡದ ವಲಯ ಉತ್ತರಕ್ಕೆ ಸರಿದು ದಾರಿ ಬಿಡಬೇಕು. ಈ ವರ್ಷ ಅದು ಸರಿಯಲಿಲ್ಲ, ನೆತ್ತಿಯ ಮೇಲೇ ಮುಚ್ಚಳ ಹಾಕಿದ ಹಾಗೆ ಕೂತಿತು. ಮೋಡ ಮೇಲೇಳಲಿಲ್ಲ. ಎಷ್ಟೋ ಸಂಜೆ ದೂರದ ಬೆಟ್ಟದ ಮೇಲೆ ಮೋಡ ಕಟ್ಟಿ, ಅದರ ಕೆಳಗೆ ಬೂದುಬಣ್ಣದ ಮಳೆ ಎಳೆಎಳೆಯಾಗಿ ಇಳಿಯುವುದು ತಂಗಿಗೆ ಕಾಣುತ್ತಿತ್ತಂತೆ. ನೆಲ ಮುಟ್ಟುವ ಮೊದಲೇ ಬಿಸಿಗಾಳಿಯಲ್ಲಿ ಆರಿಹೋಗುತ್ತಿತ್ತು. ಧೂಳು ಮಾತ್ರ ಎದ್ದು ಬಂದು ಕಿಟಕಿ ಸಂದಿಯಲ್ಲೆಲ್ಲ ತುಂಬಿಕೊಳ್ಳುತ್ತಿತ್ತು.

ಸೆಖೆಯಂತೂ ಹೇಳತೀರದು. ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಫೀನಿಕ್ಸ್‌ನಲ್ಲಿ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ದಾಟಿತು. ಜುಲೈ 19ರಂದು ಕನಿಷ್ಠ ಉಷ್ಣಾಂಶವೇ 36 ಡಿಗ್ರಿ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನಕ್ಕೇ ನಾವು ಒದ್ದಾಡುತ್ತೇವೆ. ಅದು ಅಲ್ಲಿ ಬೆಳಗಿನ ಜಾವದ ತಂಪು! ಬಿಸಿಲಿಗೆ ನೂರಾರು ಜನ ಜೀವ ಕಳೆದುಕೊಂಡಿದ್ದಾರೆ. ಅವರಲ್ಲಿ ಮನೆಯಿಲ್ಲದವರು, ವಯಸ್ಸಾದವರು ಬಹಳ.

ನನಗೆ ತೀರಾ ನೋವಾದದ್ದು ಸಗ್ವಾರೊ ಕಳ್ಳಿಗಳ ಸುದ್ದಿ ಕೇಳಿ. ನಲವತ್ತು ಅಡಿ ಬೆಳೆಯುವ, ಕೊಂಬೆ ಬಿಡಲಿಕ್ಕೇ ಐವತ್ತು, ಎಪ್ಪತ್ತು ವರ್ಷ ತೆಗೆದುಕೊಳ್ಳುವ ಗಿಡ. ಹಗಲಲ್ಲಿ ನೀರು ಕಳೆದುಕೊಳ್ಳಬಾರದೆಂದು ಮೈಮೇಲಿನ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಕೊಂಡು, ರಾತ್ರಿ ತಂಪಾದ ಮೇಲೆ ತೆರೆದು ಗಾಳಿ ಎಳೆದುಕೊಳ್ಳುತ್ತದೆ. ರಾತ್ರಿಯೂ ಕಾದರೆ ಅದು ಏನು ಮಾಡಬೇಕು? ಫೀನಿಕ್ಸ್‌ನ ಮರುಭೂಮಿ ಸಸ್ಯೋದ್ಯಾನದಲ್ಲಿ ಕೆಲವು ಸಗ್ವಾರೊಗಳ ತೋಳು ಕಳಚಿ ಬಿದ್ದವು, ಕೆಲವು ಬುಡಸಮೇತ ಉರುಳಿದವು. ನೆಲದೊಳಗಿನ ಕಪ್ಪೆಗಳದ್ದೂ ಇದೇ ಪಾಡು. ಅಲ್ಲಿ ಒಂದು ಜಾತಿಯ ಕಪ್ಪೆ ವರ್ಷದ ಬಹುಪಾಲು ಮಣ್ಣಿನಡಿ ಇದ್ದು, ಗುಡುಗಿನ ಅದುರಿಗೆ ಎದ್ದು ಬಂದು, ಮಳೆಯ ಹೊಂಡದಲ್ಲಿ ಮೊಟ್ಟೆಯಿಟ್ಟು, ಹೊಂಡ ಬತ್ತುವುದರೊಳಗೆ ಮರಿಗಳು ಬೆಳೆದು ದಡ ಸೇರಬೇಕು. ಹೊಂಡವೇ ಆಗದಿದ್ದರೆ ಈ ವರ್ಷದ ಸಂತಾನವೇ ಇಲ್ಲ.

ತಂಗಿ ಮಾತಾಡುತ್ತಲೇ ಫೋನನ್ನು ಬಚ್ಚಲಿಗೆ ಒಯ್ದಳು. ಷವರಿನ ಕೊಳವೆಗೆ ಒಂದು ಕಂತೆ ಕ್ರಿಯೊಸೋಟ್ ಸೊಪ್ಪು ಕಟ್ಟಿದ್ದಾಳೆ. ಪುಟ್ಟ ಪುಟ್ಟ, ಮೇಣ ಬಳಿದಂತೆ ಹೊಳೆಯುವ ಜೋಡಿ ಎಲೆಗಳು. ಆ ಊರಿನಲ್ಲಿ ಮಳೆಯ ವಾಸನೆ ಅಂದರೆ ಈ ಗಿಡದ ವಾಸನೆ. ಬಿಸಿನೀರಿನ ಹಬೆ ತಾಗಿದರೆ ಮನೆಯೆಲ್ಲ ಅದೇ ಘಮವಂತೆ. ಮಳೆಗಾಗಿ ಕಾದು ಕಾದು ಬೇಸತ್ತವರು ಅಲ್ಲಿ ಹೀಗೆ ಮಾಡುತ್ತಾರಂತೆ.

ಪಕ್ಕದಲ್ಲೇ ಕೂತು ಕೇಳುತ್ತಿದ್ದ ಅಮ್ಮ, "ಅಲ್ಲಿ ಮಳೆರಾಯನ್ನ ಮಾಡಿ ಮನೆಮನೆಗೆ ತಿರುಗಲ್ವಾ?" ಅಂದರು. ಚಳ್ಳಕೆರೆ ಕಡೆಯವರು, ಮಳೆ ತಪ್ಪುವುದನ್ನು ನೋಡುತ್ತಲೇ ಬೆಳೆದವರು. ದಕ್ಷಿಣ ಅರಿಝೋನಾದ ತೊಹೊನೊ ಓಧಮ್ ಜನರ ವಿಚಾರ ಹೇಳಿದೆ. ಜೂನ್ ಕೊನೆಗೆ ಸಗ್ವಾರೊ ಹಣ್ಣು ಇಳಿಸಿ, ಅದರ ರಸ ಹುಳಿಯಿಟ್ಟು ಕುಡಿದು, ಹಾಡಿ ಮಳೆ ಕರೆಯುತ್ತಾರೆ. ಅವರಿಗೆ ಅದೇ ಹೊಸ ವರ್ಷ. ಅಮ್ಮ ಅದನ್ನು ಬಹಳ ಗಂಭೀರವಾಗಿ ಕೇಳಿಸಿಕೊಂಡು, "ಕರೀಲೇಬೇಕಲ್ಲಮ್ಮ" ಅಂದರು.

ನಮ್ಮಲ್ಲಾದರೂ ಏನು? ಆಗಸ್ಟ್ ತಿಂಗಳಲ್ಲಿ ದೇಶದ ಮಳೆ ಶೇ. 36 ಕೊರತೆ, 1901ರಿಂದ ಈಚೆಗೆ ಇಷ್ಟು ಒಣಗಿದ ಆಗಸ್ಟ್ ಇಲ್ಲ. ಮಘೆ ಮಳೆ ಒಣಗಿಯೇ ಹೋಯಿತು. ರಾಜ್ಯದ 195 ತಾಲ್ಲೂಕುಗಳು ಬರಪೀಡಿತ ಅಂತ ಸರ್ಕಾರ ಘೋಷಿಸಿದೆ. ಕಾವೇರಿಗಾಗಿ ಮಂಗಳವಾರ ಬೆಂಗಳೂರು ಬಂದ್, ಶುಕ್ರವಾರ ಕರ್ನಾಟಕ ಬಂದ್.

ಇಲ್ಲಿ ಮುಂಗಾರು ಕೆಡಿಸುವ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವುದು, ಅಲ್ಲಿ ಚಳಿಗಾಲದ ಮಳೆಯನ್ನು ಹೆಚ್ಚಿಸುವುದುಂಟು. ನಮ್ಮ ಹಿಂಗಾರಿಗೂ ಎಷ್ಟೋ ಸಲ ಅದು ಒಳ್ಳೆಯದನ್ನೇ ಮಾಡಿದೆ. ತಂಗಿಗೆ ಇದನ್ನೇ ಹೇಳಿದೆ. ಫೋನಿಟ್ಟ ಮೇಲೆ ಅಮ್ಮ ಊರಿಗೆ ಫೋನ್ ಹಚ್ಚಿದರು. ಶೇಂಗಾ ಆಸೆ ಬಿಟ್ಟಾಗಿದೆ, ಹಸ್ತಾ ಮಳೆ ಒಂದು ಹದ ಬಿದ್ದರೂ ಹುರುಳಿ ಬಿತ್ತುತ್ತೇನೆ, ಬೀಜ ತಂದಿಟ್ಟಿದ್ದೇನೆ ಅಂದರಂತೆ ಮಾವ.